ಪ್ಯಾಸೇಜಿನ್ಯಾಗ ಇಲಿ ಎಲ್ಲೈತಿ?

30ಕ್ಕೆ 10.75.

ಬ್ಯಾಂಕ್ ಪರೀಕ್ಷೆಯ ಮಾಕ್ ಟೆಸ್ಟ್, ಅಂದರೆ ಅಭ್ಯಾಸ ಪರೀಕ್ಷೆ, ಮುಗಿಸಿದ ಮೇಲೆ ಮೊಬೈಲ್‌ನಲ್ಲಿ ಬಂದ ನನ್ನ ಇಂಗ್ಲಿಷ್ ಅಂಕ ಇದು. 2022ರ ಆಗಸ್ಟ್, ಒಂದು ಭಾನುವಾರ, ಧಾರವಾಡದ ಸಪ್ತಾಪುರ. ಹೊರಗೆ ಜಿಟಿಜಿಟಿ ಮಳೆ. ಧಾರವಾಡದ ಮಳೆ ಗೊತ್ತಲ್ಲ, ಒಂದು ಸಲ ಸುರಿದು ಹೋಗುವ ಜಾತಿಯದಲ್ಲ, ಒಗೆದ ಬಟ್ಟೆ ಮೂರು ದಿನ ಒಣಗದ ಹಾಗೆ ಊರ ಮೇಲೆ ಕೂತೇ ಇರುತ್ತದೆ. 27 ಪ್ರಶ್ನೆ ಅಟೆಂಪ್ಟ್ ಮಾಡಿದ್ದೆ. 14 ಸರಿ, 13 ತಪ್ಪು. ಒಂದೊಂದು ತಪ್ಪಿಗೆ ಕಾಲು ಅಂಕದಂತೆ ಮೂರೂಕಾಲು ಹೋಯಿತು. ಲೆಕ್ಕ ನನಗೆ ಚೆನ್ನಾಗಿಯೇ ಬರುತ್ತದೆ, ಅದಕ್ಕೇ ಇನ್ನೂ ಹೊಟ್ಟೆ ಉರಿಯಿತು.

ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಬರೆದವರಿಗೆ ಇದೆಲ್ಲ ಗೊತ್ತು. ಪ್ರಿಲಿಮ್ಸ್, ಅಂದರೆ ಮೊದಲ ಸುತ್ತಿನಲ್ಲಿ, ಮೂರು ವಿಭಾಗ. ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35. ಒಂದೊಂದಕ್ಕೂ 20 ನಿಮಿಷ. ಒಂದನ್ನು ಬೇಗ ಮುಗಿಸಿ ಆ ಟೈಮನ್ನು ಇನ್ನೊಂದಕ್ಕೆ ಹಾಕೋಣ ಅಂದರೆ ಆಗಲ್ಲ, ಎಲ್ಲದಕ್ಕೂ ಬೇಲಿ ಹಾಕಿದ್ದಾರೆ. 2021ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಅಂತಾಯಿತು. ಆ ಸುದ್ದಿ ಬಂದ ದಿನ ನಮ್ಮ ರೂಮಿನಲ್ಲಿ ಪೇಡೆ ಹಂಚಿದ್ದೆವು. ಆದರೆ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುತ್ತದೆ ತಾನೇ, ಅದನ್ನು ಯಾರು ಕನ್ನಡಕ್ಕೆ ಮಾಡಿಕೊಡುತ್ತಾರೆ? ಪೇಡೆ ತಿಂದಾದ ಮೇಲೆ ಅದು ನೆನಪಾಯಿತು.

ನಾನು ಇಂಗ್ಲಿಷ್ ಬರದವಳೇನಲ್ಲ, ಹಾಗಂತ ಅಂದುಕೊಂಡಿದ್ದೆ. ನಮ್ಮದು ರಾಣೆಬೆನ್ನೂರು ಕಡೆಯ ಹಳ್ಳಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ 100ಕ್ಕೆ 81 ಬಂದಿತ್ತು. ಹೇಗೆ ಬಂತು ಅಂತ ಈಗ ಹೇಳುತ್ತೇನೆ. ಪ್ರಬಂಧ, ಪತ್ರ, ಪದ್ಯ ಎಲ್ಲ ಬಾಯಿಪಾಠ. ಓದಿಲ್ಲದ ಪ್ಯಾಸೇಜ್ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ, ಅದಕ್ಕೆ ನಮ್ಮ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟಿದ್ದರು. ಪ್ರಶ್ನೆಯಲ್ಲಿ ಇರುವ ದೊಡ್ಡ ಪದವನ್ನು ಪ್ಯಾಸೇಜಿನಲ್ಲಿ ಹುಡುಕು, ಆ ಪದ ಇರುವ ಸಾಲನ್ನು ಹಾಗೇ ಇಳಿಸು. ಅರ್ಥ ಆಗಬೇಕಂತ ಏನೂ ಇಲ್ಲ. ಕಣ್ಣು ಚುರುಕಿದ್ದರೆ ಸಾಕು. ಪೂರ್ತಿ ಅಂಕ ಬರುತ್ತಿತ್ತು. ಮೇಷ್ಟ್ರನ್ನು ಬೈಯುತ್ತಿಲ್ಲ, ಅವರಿಗೆ ನಾವು ಪಾಸಾಗುವುದು ಬೇಕಿತ್ತು, ಪಾಸು ಮಾಡಿಸಿದರು. ಬ್ಯಾಂಕ್ ಪರೀಕ್ಷೆಯವರು ಮಾತ್ರ ಈ ಉಪಾಯವನ್ನು ಚೆನ್ನಾಗಿ ಬಲ್ಲರು. ಪ್ಯಾಸೇಜಿನ ಪದವನ್ನು ಹಾಗೇ ಎತ್ತಿ ತಪ್ಪು ಆಯ್ಕೆಯಲ್ಲಿ ಇಡುತ್ತಾರೆ, ಸರಿ ಉತ್ತರವನ್ನು ಬೇರೆ ಮಾತಿನಲ್ಲಿ ಬರೆದಿರುತ್ತಾರೆ. ಪದ ಹುಡುಕಿಕೊಂಡು ಹೋದವರು ನೇರ ಬೋನಿಗೆ.

ಆವತ್ತಿನ ಪ್ಯಾಸೇಜು ಅಂತರ್ಜಲದ ಮೇಲಿತ್ತು. ಎಂಟು ಪ್ರಶ್ನೆ. ನೋಡಿದ ಕೂಡಲೇ ಖುಷಿಯಾಯಿತು. ಬೋರು, ಪಂಪ್‌ಸೆಟ್ಟು, ಹನಿ ನೀರಾವರಿಯ ಡ್ರಿಪ್ಪು, ಎಲ್ಲ ನಮ್ಮ ಹೊಲದ ಸಾಮಾನು. ಬೇರೆ ದಿನ ಅಮೆರಿಕದ ಬ್ಯಾಂಕು, ಯುರೋಪಿನ ಹಣದುಬ್ಬರ ಅಂತ ಕೊಟ್ಟು ತಲೆ ತಿನ್ನುತ್ತಿದ್ದವರು ಇವತ್ತು ನನಗೋಸ್ಕರವೇ ಬರೆದಿದ್ದಾರೆ ಅನ್ನಿಸಿತು. ಆರ್‌ಸಿ, ಅಂದರೆ ಪ್ಯಾಸೇಜು ಓದಿ ಉತ್ತರಿಸುವ ಪ್ರಶ್ನೆಗಳನ್ನು, ಕೊನೆಗೆ ಇಟ್ಟುಕೋ ಅಂತ ಎಲ್ಲರೂ ಹೇಳುತ್ತಾರೆ, ನಾನು ಅದನ್ನೇ ಮೊದಲು ಹಿಡಿದೆ. ಎಂಟೂ ಪ್ರಶ್ನೆ ಆರು ನಿಮಿಷದಲ್ಲಿ ಮುಗಿಸಿದೆ. ಎಂಟರಲ್ಲಿ ಎರಡು ಸರಿ.

ಒಂದು ಪ್ರಶ್ನೆ ಹೀಗಿತ್ತು. ಡ್ರಿಪ್ ಬಂದ ಮೇಲೂ ಒಟ್ಟು ನೀರಿನ ಬಳಕೆ ಯಾಕೆ ಇಳಿಯಲಿಲ್ಲ, ಪ್ಯಾಸೇಜಿನ ಪ್ರಕಾರ? ಆಯ್ಕೆಗಳಲ್ಲಿ ಒಂದು, ಉಪಕರಣಗಳ ನಿರ್ವಹಣೆ ಸರಿ ಇಲ್ಲ. ಇನ್ನೊಂದು, ರೈತರು ಉಳಿದ ನೀರಿನಲ್ಲಿ ಇನ್ನಷ್ಟು ಜಮೀನಿಗೆ ನೀರು ಕೊಟ್ಟರು. ನಾನು ಕಣ್ಣು ಮುಚ್ಚಿ ಮೊದಲನೆಯದನ್ನು ಒತ್ತಿದೆ. ಯಾಕೆ? ನಮ್ಮ ಮನೆಯಲ್ಲಿ ಡ್ರಿಪ್ ಪೈಪನ್ನು ಇಲಿ ಕಡಿಯುತ್ತವೆ. ಹೊಲದ ತುಂಬ ಅಲ್ಲಲ್ಲಿ ಕಾರಂಜಿ ಥರ ನೀರು ಚಿಮ್ಮುತ್ತಿರುತ್ತದೆ. ನೀರು ಪೋಲಾಗುವುದು ಅದರಿಂದಲೇ, ನಾನು ಕಣ್ಣಾರೆ ನೋಡಿದ್ದೇನೆ.

ಉತ್ತರ ಎರಡನೆಯದು.

ಸಿಟ್ಟು ಬಂತು. ರೂಮಿನಲ್ಲಿ ನಾವು ಮೂವರು. ಅದರಲ್ಲಿ ದೊಡ್ಡವರನ್ನು ನಾವು ಅಕ್ಕ ಅಂತಲೇ ಕರೆಯುತ್ತಿದ್ದೆವು. ಕೆಎಎಸ್‌ಗೆ ಓದುತ್ತಿದ್ದರು. ಭಾನುವಾರ ಸಂಜೆ ಮೆಸ್ ರಜೆ, ಗಿರ್ಮಿಟ್ಟು ಮಿರ್ಚಿ ಕಟ್ಟಿಸಿಕೊಂಡು ಬಂದು ಪೇಪರ್ ಬಿಚ್ಚಿ ಕೂತಿದ್ದರು. ನಾನು ಮೊಬೈಲ್ ಅವರ ಮುಂದೆ ಹಿಡಿದು, ನೋಡಕ್ಕ, ಇದನ್ನ ಬರೆದವನು ಒಂದು ದಿನ ಹೊಲಕ್ಕೆ ಹೋಗಿಲ್ಲ, ಇಲಿ ಪೈಪ್ ಕಡಿಯೋದು ಅವನಿಗೇನು ಗೊತ್ತು ಅಂತ ಶುರು ಮಾಡಿದೆ. ಎರಡು ನಿಮಿಷ ಭಾಷಣ. ಅಕ್ಕ ಮಿರ್ಚಿ ಮುರಿಯುತ್ತಾ ಎಲ್ಲ ಕೇಳಿದರು. ಪ್ಯಾಸೇಜು ಓದಿದರು. ಆಮೇಲೆ ಅಂದರು,

‘ಪ್ಯಾಸೇಜಿನ್ಯಾಗ ಇಲಿ ಎಲ್ಲೈತಿ, ತೋರ್ಸು.’

ಇಲಿ ಇರಲಿಲ್ಲ.

‘ನಿಮ್ಮ ಹೊಲದ ಸುದ್ದಿ ಯಾರ ಕೇಳ್ಯಾರ ನಿನ್ನ? ಅವರು ಏನ್ ಬರದಾರ ಅಷ್ಟ ಹೇಳು. ನಿನ್ನ ಅಭಿಪ್ರಾಯ ಇಂಟರ್‌ವ್ಯೂದಾಗ ಹೇಳೀಯಂತ.’

ಕ್ಲರ್ಕ್ ಪರೀಕ್ಷೆಗೆ ಇಂಟರ್‌ವ್ಯೂನೇ ಇಲ್ಲ. ಆದರೂ ಸುಮ್ಮನಾದೆ. ಇನ್ನುಳಿದ ತಪ್ಪುಗಳನ್ನೂ ಅವರೇ ಒಂದೊಂದಾಗಿ ತೆಗೆದರು. ಲೇಖಕರ ಟೋನ್ ಏನು ಅಂತ ಒಂದು ಪ್ರಶ್ನೆ. ನಾನು ‘ಸಿಂಪಥೆಟಿಕ್’ ಒತ್ತಿದ್ದೆ, ಅಂದರೆ ರೈತನ ಮೇಲೆ ಮರುಕ. ಮರುಕ ಇದ್ದದ್ದು ನನಗೆ, ಬರೆದವರಿಗಲ್ಲ. ಅವರು ಉಚಿತ ಕರೆಂಟನ್ನು ಚೆನ್ನಾಗಿ ಜಾಡಿಸಿದ್ದರು. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಹಾಗಾಗಿ ಆ ಪ್ಯಾರಾವನ್ನು ನಾನು ಓದುವಾಗಲೇ ಮನಸ್ಸಿನಲ್ಲಿ ಜಗಳ ಆಡಿಕೊಂಡು ದಾಟಿದ್ದೆ ಅಂತ ಕಾಣುತ್ತದೆ. ಇನ್ನೊಂದರಲ್ಲಿ ‘ನಾಟ್’ ಅನ್ನುವ ಪದವನ್ನೇ ನೋಡಿರಲಿಲ್ಲ, ದಪ್ಪ ಅಕ್ಷರದಲ್ಲಿತ್ತು. ಅದಕ್ಕೆ ಏನು ಹೇಳುವುದು.

ಆದರೆ ನನ್ನನ್ನು ನಿಜವಾಗಿ ಕೆಡವಿದ್ದು ‘ಯೀಲ್ಡ್’. ಪ್ಯಾಸೇಜಿನಲ್ಲಿ ಗೆರೆ ಎಳೆದು, ಇದಕ್ಕೆ ಹತ್ತಿರದ ಅರ್ಥ ಆರಿಸಿ ಅಂತ ಕೇಳಿದ್ದರು. ಬೆಳೆಯ ಇಳುವರಿಗೆ ಯೀಲ್ಡ್ ಅನ್ನುತ್ತಾರೆ ಅಂತ ನಮ್ಮೂರಿನ ಬೀಜದಂಗಡಿಯಲ್ಲಿ ಸಣ್ಣ ಮಕ್ಕಳೂ ಹೇಳುತ್ತಾರೆ. ‘ಪ್ರೊಡ್ಯೂಸ್’ ಒತ್ತಿದ್ದೆ. ತಪ್ಪು. ಆ ಸಾಲಿನಲ್ಲಿ ಸರ್ಕಾರಗಳು ಬೇಡಿಕೆಗೆ ‘ಯೀಲ್ಡ್’ ಆದವು ಅಂತಿತ್ತು. ಅಂದರೆ ಮಣಿದವು. ಸರ್ಕಾರ ಎಲ್ಲಾದರೂ ಇಳುವರಿ ಕೊಡುತ್ತದಾ, ಅಷ್ಟೂ ಯೋಚನೆ ಮಾಡಿರಲಿಲ್ಲ.

ಒಂದೇ ಪದಕ್ಕೆ ಇಳುವರಿ ಅಂತಲೂ ಅರ್ಥ, ಸೋಲೊಪ್ಪಿಕೊಳ್ಳುವುದು ಅಂತಲೂ ಅರ್ಥ, ಇದೆಂಥ ಭಾಷೆ ಅಂತ ಗೊಣಗಿದೆ. ಅಕ್ಕ ಗಿರ್ಮಿಟ್ಟಿನ ಪೊಟ್ಟಣ ನನ್ನ ಕಡೆ ತಳ್ಳಿ, ಗಿಡ ಕಾಯಿ ಏನ್ ಮಾಡ್ತದ ಅಂದರು. ಬಿಡುತ್ತದೆ ಅಂದೆ. ಸಣ್ಣ ಹುಡುಗ ಹಟ ಏನ್ ಮಾಡ್ತಾನ? ಬಿಡುತ್ತಾನೆ. ಬಸ್ಸಿನ್ಯಾಗ ಮುದುಕಿ ಬಂದ್ರ ಸೀಟು? ಬಿಡುತ್ತೇವೆ.

ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಕಾಯಿ ಬಿಡು, ಹಟ ಬಿಡು, ದಾರಿ ಬಿಡು. ಹುಟ್ಟಿದಾಗಿನಿಂದ ದಿನಕ್ಕೆ ನೂರು ಸಲ ಆಡುವ ಮಾತು, ಅದರೊಳಗೆ ಇಳುವರಿಯೂ ಇದೆ, ಸೋಲುವುದೂ ಇದೆ, ನಮಗೆ ಒಂದು ದಿನವೂ ಗೊಂದಲ ಆಗಿಲ್ಲ. ಯಾಕೆಂದರೆ ನಾವು ‘ಬಿಡು’ವನ್ನು ಪಟ್ಟಿಯಲ್ಲಿ ಕಲಿತಿಲ್ಲ. ಗಿಡದ ಜೊತೆ, ಹಟದ ಜೊತೆ, ಸೀಟಿನ ಜೊತೆ ಕಲಿತೆವು. ನನ್ನ ಹತ್ತಿರ ಆಗ ಎರಡು ನೋಟ್‌ಬುಕ್ ತುಂಬ ಪದಗಳಿದ್ದವು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದು ಕನ್ನಡ ಪದ, ದಿನಕ್ಕೆ ಇಪ್ಪತ್ತು. ಬೆಳಿಗ್ಗೆ ಹಲ್ಲುಜ್ಜುತ್ತಾ ಉರು ಹೊಡೆಯುತ್ತಿದ್ದೆ. ನನ್ನ ಕೇಳಿದರೆ ಇಂಥ ಪಟ್ಟಿ ಮಾಡುವುದು ಓದಿದ ಸಮಾಧಾನ ಕೊಡುತ್ತದೆ, ಓದನ್ನು ಕೊಡುವುದಿಲ್ಲ. ಆ ನೋಟ್‌ಬುಕ್ಕುಗಳನ್ನು ಬಿಸಾಡಲಿಲ್ಲ, ಅಷ್ಟು ಕಷ್ಟಪಟ್ಟು ಬರೆದದ್ದು. ಆದರೆ ಮೂರನೆಯದರಲ್ಲಿ ಪದ ಬರೆಯುವುದು ಬಿಟ್ಟು ಅದು ಸಿಕ್ಕಿದ ಇಡೀ ಸಾಲನ್ನೇ ಬರೆಯತೊಡಗಿದೆ. ಇಪ್ಪತ್ತು ಆಗುತ್ತಿರಲಿಲ್ಲ. ಐದು, ಆರು. ಸಾಕು.

ಅವತ್ತಿನಿಂದ ಅಕ್ಕ ಒಂದು ಶಿಕ್ಷೆ ಹಾಕಿದರು. ಎಲ್ಲರೂ ಹೇಳುವ ಹಾಗೆ ನಾನೂ ‘ದಿ ಹಿಂದೂ’ ಸಂಪಾದಕೀಯ ಓದುತ್ತಿದ್ದೆ. ಓದುತ್ತಿದ್ದೆ ಅಂದರೆ ಕಷ್ಟದ ಪದಗಳಿಗೆ ಹೈಲೈಟರ್ ಹಚ್ಚುತ್ತಿದ್ದೆ, ಪೇಪರ್ ಅರಿಶಿನ ಹಚ್ಚಿದ ಮದುಮಗಳ ಥರ ಆಗುತ್ತಿತ್ತು. ಅದು ಬೇಡ, ರಾತ್ರಿ ಊಟ ಆದ ಮೇಲೆ ಒಂದು ಲೇಖನದಲ್ಲಿ ಏನಿದೆ ಅಂತ ನಾಲ್ಕೈದು ಮಾತಿನಲ್ಲಿ ಕನ್ನಡದಲ್ಲಿ ಹೇಳು ಅಂದರು. ನೋಡದೆ ಹೇಳಬೇಕು. ಮೊದಲ ರಾತ್ರಿ ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಅರ್ಧ ಗಂಟೆ ಓದಿದ್ದು ಒಂದು ಮಾತಿಗೂ ಬರಲಿಲ್ಲ. ಆಮೇಲಾಮೇಲೆ ಬಂತು. ನಡುವೆ ನಾನು ನನ್ನದೇನಾದರೂ ಸೇರಿಸಿದರೆ ರೂಮಿನ ಇಬ್ಬರೂ ಒಟ್ಟಿಗೆ ‘ಇಲಿ, ಇಲಿ’ ಅಂತ ಕೂಗುತ್ತಿದ್ದರು. ನಮ್ಮ ರೂಮಿನಲ್ಲಿ ಅದೊಂದು ಗಾದೆಯೇ ಆಗಿಹೋಯಿತು.

ಗ್ರಾಮರ್ ವಿಷಯದಲ್ಲಿ ಮಾತ್ರ ನಾನೇ ಒಂದು ದಾರಿ ಕಂಡುಕೊಂಡೆ. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ, ಯಾವ ಸಾಲು ಕನ್ನಡಕ್ಕೆ ಎಣ್ಣೆ ಹಚ್ಚಿದ ಹಾಗೆ ಸಲೀಸಾಗಿ ಜಾರುತ್ತದೋ ಅದರ ಮೇಲೆ ಅನುಮಾನ ಪಡುವುದು. ನಾವು ‘ಎರಡು ವರ್ಷದಿಂದ’ ಅಂತೀವಿ, ‘ಜನವರಿಯಿಂದ’ ಅಂತಲೂ ಅಂತೀವಿ. ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಎರಡು ವರ್ಷಕ್ಕೆ ‘ಫಾರ್’, ಜನವರಿಗೆ ‘ಸಿನ್ಸ್’. ನಮ್ಮ ಬಾಯಲ್ಲಿ ‘ಸಿನ್ಸ್ ಟೂ ಇಯರ್ಸ್’ ಬರುವುದು ಹೀಗೆ. ನಾವು ವಿಷಯದ ‘ಬಗ್ಗೆ’ ಚರ್ಚೆ ಮಾಡುತ್ತೇವೆ, ಅದಕ್ಕೆ ‘ಡಿಸ್ಕಸ್ ಅಬೌಟ್’ ಅಂದುಬಿಡುತ್ತೇವೆ. ಅಲ್ಲಿ ಆ ‘ಅಬೌಟ್’ ಬೇಡವೇ ಬೇಡ. ನಾವು ಅವನ ‘ಜೊತೆ’ ಮದುವೆ ಆಗುತ್ತೇವೆ, ಅವರು ‘ಮ್ಯಾರೀಡ್ ಟು’. ಪ್ರಶ್ನೆ ತೆಗೆಯುವವರಿಗೆ ಭಾರತದವರು ಎಲ್ಲೆಲ್ಲಿ ಎಡವುತ್ತಾರೆ ಅಂತ ಸರಿಯಾಗಿ ಗೊತ್ತು. ಹಾಗಂತ ಕನ್ನಡ ಬರೀ ಕಾಲಿಗೆ ತೊಡಕು ಅನ್ನುವ ಹಾಗೂ ಇಲ್ಲ. ‘ನನ್ನ ಗೆಳತಿಯರಲ್ಲಿ ಒಬ್ಬಳು ಬರುತ್ತಾಳೆ’ ಅಂತ ಮನಸ್ಸಿನಲ್ಲಿ ಹೇಳಿಕೊಂಡರೆ ‘ವನ್ ಆಫ್ ಮೈ ಫ್ರೆಂಡ್ಸ್’ ಆದ ಮೇಲೆ ‘ಈಸ್’ ಬರಬೇಕೋ ‘ಆರ್’ ಬರಬೇಕೋ ಅನ್ನುವ ಗೊಂದಲವೇ ಇಲ್ಲ. ಗೆಳತಿಯರು ಬಹಳ, ಬರುವವಳು ಒಬ್ಬಳೇ. ಈ ನಿಯಮವನ್ನು ಒಂದು ಕೋಚಿಂಗ್‌ನಲ್ಲಿ ಮುಕ್ಕಾಲು ಗಂಟೆ ಹೇಳಿದ್ದರು.

ಆ ತಿಂಗಳ ಕೊನೆಗೆ ಗಣೇಶ ಹಬ್ಬ. ಪ್ರಿಲಿಮ್ಸ್ ಇನ್ನು ಕೆಲವೇ ದಿನ ಇತ್ತು, ಊರಿಗೆ ಹೋಗಬೇಡ ಅಂತ ಎಲ್ಲರೂ ಹೇಳಿದರು, ಹೋದೆ. ಕಡುಬು ತಿಂದು ಮಧ್ಯಾಹ್ನ ಹಿತ್ತಲಿಗೆ ಬಂದರೆ ಅಪ್ಪ ಕೊಟ್ಟಿಗೆಯಲ್ಲಿ ಡ್ರಿಪ್ ಪೈಪುಗಳನ್ನು ಹರಡಿಕೊಂಡು ಕೂತಿದ್ದ. ಮಳೆಗಾಲಕ್ಕೆ ಸುತ್ತಿ ಮೇಲೆ ಇಟ್ಟಿದ್ದನ್ನೂ ಇಲಿ ಬಿಟ್ಟಿರಲಿಲ್ಲ. ಕಡಿದ ಕಡೆ ಪೈಪನ್ನು ಕುಡುಗೋಲಿನಿಂದ ಕತ್ತರಿಸುವುದು, ಎರಡು ತುದಿಯನ್ನೂ ಬಿಸಿನೀರಿನ ಚೊಂಬಿನಲ್ಲಿ ಅದ್ದುವುದು, ಮೆತ್ತಗಾದ ಮೇಲೆ ನಡುವೆ ಜಾಯಿಂಟರ್ ತುರುಕುವುದು. ಒಂದೊಂದು ಪೈಪಿನಲ್ಲಿ ಮೂರು ನಾಲ್ಕು ಕಡೆ. ನಾನೂ ಕೂತು ಜಾಯಿಂಟರ್ ಕೊಡುತ್ತಾ ಹೋದೆ. ನೋಡಿದ್ರಾ, ನಾನು ಹೇಳಿದ್ದು ಸರಿಯಾಗಿಯೇ ಇತ್ತು ಅಂತ ಧಾರವಾಡದ ಕಡೆ ಮುಖ ಮಾಡಿ ಮನಸ್ಸಿನಲ್ಲೇ ಅಕ್ಕನಿಗೆ ಹೇಳಿದೆ.

ಆಮೇಲೆ ಸುಮ್ನೆ, ಮಾತಿಗೆ ಅಂತ ಕೇಳಿದೆ. ಅಪ್ಪಾ, ಡ್ರಿಪ್ ಹಾಕಿದ ಮೇಲೆ ನೀರು ಉಳಿಯಿತಾ?

‘ಉಳೀಲಾರದ ಏನು? ಉಳೀತು ಅಂತನ ಆ ಕಡೆ ಒಂದ ಎಕರೆಗೂ ಎಳದ್ವಿ. ಮೊದ್ಲ ಒಂದ ಎಕರೆ ಮೆಣಸಿನಗಿಡ ಇತ್ತು, ಈಗ ಎರಡ ಆತು.’

ಕೈಯಲ್ಲಿದ್ದ ಜಾಯಿಂಟರ್ ಹಾಗೇ ಹಿಡಿದು ಕೂತೆ. ಹಾಗಾದರೆ ಬೋರು ಮೊದಲಿಗಿಂತ ಕಡಿಮೆ ಹೊತ್ತು ಓಡುತ್ತದಾ ಅಂದೆ. ಕರೆಂಟ್ ಇರೂತನ ಓಡತೈತಿ ಅಂದ. ಅಲ್ಲಿಗೆ ಮುಗಿಯಿತು. ಪ್ಯಾಸೇಜು ಬರೆದವನು ನಮ್ಮ ಹೊಲಕ್ಕೆ ಬಾರದೆಯೇ ನಮ್ಮ ಹೊಲದ ಸುದ್ದಿ ಬರೆದಿದ್ದ, ಆ ಹೊಲದಲ್ಲೇ ಬೆಳೆದ ನಾನು ಇಲಿ ಹಿಡಿದುಕೊಂಡು ಕೂತಿದ್ದೆ. ಎರಡನೇ ಎಕರೆಗೆ ಪೈಪ್ ಹಾಕುವಾಗ ನಾನೇ ಒಂದು ತುದಿ ಹಿಡಿದು ನಿಂತಿದ್ದು ಆಮೇಲೆ ನೆನಪಾಯಿತು.

ಆ ಸಲದ ಪ್ರಿಲಿಮ್ಸ್ ಪಾಸಾಗಲಿಲ್ಲ, ಆದರೆ ಇಂಗ್ಲಿಷಿನಿಂದಲ್ಲ, ರೀಸನಿಂಗ್‌ನಲ್ಲಿ ಹೋಯಿತು. ಅದರ ಕಥೆ ಬೇರೆ.

ಅವತ್ತು ಅಪ್ಪನಿಗೆ ಎಲ್ಲ ಹೇಳಿದೆ, ಪ್ರಶ್ನೆ, ಐದು ಆಯ್ಕೆ, ನಾನು ಒತ್ತಿದ್ದು, ಸರಿ ಉತ್ತರ. ಅಪ್ಪ ತಲೆ ಎತ್ತದೆ ಪೈಪು ಬಿಸಿನೀರಿಗೆ ಅದ್ದುತ್ತಲೇ ಕೇಳಿಸಿಕೊಂಡ.

‘ಅದರಾಗ ಇಲಿಗೆ ಏನರ ಔಷಧ ಬರದಿದ್ರೇನು?’

ಇಲ್ಲಪ್ಪ, ಅದರಲ್ಲಿ ಇಲಿಯೇ ಇರಲಿಲ್ಲ ಅಂದೆ.

‘ಮತ್ತೇನ್ ಬರದಾರ ಅವರು’ ಅಂದು, ಇನ್ನೊಂದು ಜಾಯಿಂಟರ್‌ಗೆ ಕೈ ಚಾಚಿದ.