ಪಟ್ಟೆ ಎಣಿಸಲು ಹೋಗಿ

ಸೋಮೇಶ್ವರ ಬಿಟ್ಟು ಘಾಟಿ ಹತ್ತುವಾಗ ಬಸ್ಸಿನ ಕಿಟಕಿಯಾಚೆ ಬರೀ ಮಂಜು. ಆಗುಂಬೆಯಲ್ಲಿ ಇಳಿದು ಕೊಡೆ ಬಿಚ್ಚುವಷ್ಟರಲ್ಲಿ ಅರ್ಧ ಮೈ ತೊಯ್ದಿತ್ತು. ಜೂನ್ ಮೊದಲ ವಾರವೇ ಹೀಗೆ. ನಾನು ಉಳಿದುಕೊಂಡದ್ದು ಅಡಿಕೆ ಬೆಳೆಗಾರರೊಬ್ಬರ ಮನೆಯಲ್ಲಿ. ಕಷಾಯದ ಲೋಟ ಕೈಗಿಡುತ್ತಾ ಅವರೆಂದರು: "ಸೊಪ್ಪಿನ ಬೆಟ್ಟದಲ್ಲಿ ಕಾಳಿಂಗ ಗೂಡು ಕಟ್ಟಿದೆ ಮಾರಾಯ್ರೆ. ದೂರದಿಂದ ನೋಡುವುದಾದರೆ ಬನ್ನಿ."

ನಾನು ಬಂದದ್ದೇ ಅದಕ್ಕೆ.

1836ರಲ್ಲಿ ಕ್ಯಾಂಟರ್ ಎಂಬ ಡೇನಿಶ್ ವೈದ್ಯ ಬಂಗಾಳದ ಕಡೆಯ ಕಾಳಿಂಗವನ್ನು ವಿವರಿಸಿದ್ದ. ಅಲ್ಲಿಂದೀಚೆಗೆ ನಮ್ಮ ಘಟ್ಟದ್ದು, ಫಿಲಿಪ್ಪೀನ್ಸಿನದು ಎಲ್ಲವೂ ಒಂದೇ ಪ್ರಭೇದವೆಂದೇ ಲೆಕ್ಕ. 2024ರಲ್ಲಿ ಹಾವುಗಳ ಸಂಶೋಧಕ ಪಿ. ಗೌರಿ ಶಂಕರ್ ಮತ್ತು ಸಂಗಡಿಗರು ಅದನ್ನು ನಾಲ್ಕಾಗಿ ಬಿಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಬಿದ್ದ ಹೆಸರು ‘ಒಫಿಯೊಫ್ಯಾಗಸ್ ಕಾಳಿಂಗ’. ಮೊದಲ ಪದ ಗ್ರೀಕು, ಹಾವು ತಿನ್ನುವಂಥದ್ದು ಎಂದರ್ಥ. ಎರಡನೆಯದು ನಮ್ಮ ಅಜ್ಜಿಯರ ಬಾಯಲ್ಲಿದ್ದದ್ದೇ. ಈ ಹುಡುಕಾಟದ ಬೆನ್ನಿಗೆ ಒಂದು ಕಡಿತವೂ ಇದೆ. 2005ರಲ್ಲಿ ಗೌರಿ ಶಂಕರ್ ಅವರಿಗೇ ಕಾಳಿಂಗ ಕಚ್ಚಿತ್ತು. ಥಾಯ್ಲೆಂಡಿನ ಕಾಳಿಂಗದ ವಿಷದಿಂದ ಮಾಡಿದ ಪ್ರತಿವಿಷ ಕೊಟ್ಟರೂ ಅಷ್ಟಾಗಿ ನಾಟಲಿಲ್ಲ. ಹಾವು ಒಂದೇ ಆದರೆ ಹೀಗೇಕೆ ಎಂಬ ಅನುಮಾನ ಹುಟ್ಟಿದ್ದು ಆಗ.

ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡರೂ ರಕ್ತ ಹೀರುವ ಇಂಬಳ ಬಿಡಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಯಜಮಾನರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಬಿದಿರು ಮೆಳೆಯ ಬುಡದಲ್ಲಿ ಮೊಣಕಾಲೆತ್ತರದ ದರಗಿನ, ಎಂದರೆ ಉದುರಿದ ಒಣ ಎಲೆಯ ಗುಡ್ಡೆ. ಕೈಯಿಲ್ಲದ ಪ್ರಾಣಿ ಮೈಯನ್ನೇ ಬಳಸಿ ಎಲೆಯೆಲ್ಲ ಎಳೆದು ಒಟ್ಟಿದೆ ಎಂದರೆ ನಂಬುವುದು ಕಷ್ಟ. ಹಾಗೆ ಗೂಡು ಕಟ್ಟುವ ಹಾವು ಬೇರಿಲ್ಲ. ಮೇಲೆ ತಾಯಿ ಸುರುಳಿ ಸುತ್ತಿ ಮಲಗಿತ್ತು, ಮಳೆ ಬಿದ್ದ ಹುರುಪೆಗಳು ಎಣ್ಣೆ ಸವರಿದಂತೆ ಮಿನುಗುತ್ತಿದ್ದವು.

ಘಟ್ಟದ ಕಾಳಿಂಗಕ್ಕೆ ಮೈಮೇಲೆ 40ಕ್ಕಿಂತ ಕಡಿಮೆ ಪಟ್ಟೆ, ಪಟ್ಟೆಗೆ ಕಪ್ಪಂಚಿಲ್ಲ ಎಂದು ಓದಿಕೊಂಡು ಬಂದಿದ್ದೆ. ದುರ್ಬೀನು ಹಿಡಿದು ಎಣಿಸತೊಡಗಿದೆ. ಹದಿಮೂರಕ್ಕೆ ಒಂದು ಸುತ್ತು ಇನ್ನೊಂದರಡಿ ನುಗ್ಗಿತು, ಗಾಜಿಗೆ ಹಬೆ ಕೂತಿತು. ಒರೆಸಿ ಮತ್ತೆ ಒಂದರಿಂದ ಶುರು. ಈ ಸಲ ಒಂಬತ್ತಕ್ಕೇ ಹಾವು ತಲೆಯೆತ್ತಿತು. ಹೆಡೆ ಬಿಚ್ಚಲಿಲ್ಲ, ಸುಮ್ಮನೆ ನಮ್ಮತ್ತ ನೋಡಿತು. ನನಗೆ ಲೆಕ್ಕವೇ ಮರೆತುಹೋಯಿತು.

"ಎಷ್ಟಾಯ್ತು?" ಎಂದರು ಯಜಮಾನರು ಪಿಸುದನಿಯಲ್ಲಿ.

"ಸಿಕ್ಕಲಿಲ್ಲ."

"ಪೇಪರಿನಲ್ಲಿ ಹೊಸ ಹಾವು ಎಂದು ಹಾಕಿದ್ದರು. ನಮ್ಮಪ್ಪ ಇದ್ದಾಗಲೂ ಇದೇ ಮೆಳೆ ಹತ್ತಿರ ಕಟ್ಟಿತ್ತು."

ಮರಿ ಹೊರಬರುವವರೆಗೆ ಆ ಕಡೆ ದರಗು ಗುಡಿಸಲು ಯಾರನ್ನೂ ಬಿಡುವುದಿಲ್ಲವಂತೆ. ಕೊಟ್ಟಿಗೆಗೆ ಹಾಸಲು ಈ ವರ್ಷ ಪಕ್ಕದ ಮನೆಯವರ ಬೆಟ್ಟದಿಂದ ತರುತ್ತಿದ್ದಾರೆ.