ದರಕ್ಕೆ ಕಾಯ್ದೆ, ಬಸ್ಸಿಗೆ?

ಕಳೆದ ವಾರ ಇಲ್ಲಿ ಬ್ರಿಸ್ಬೇನಿನ ರೈಲಿನಲ್ಲಿ ಪಕ್ಕದ ಮನೆಯ ಅಜ್ಜಿ ಜೊತೆಯಾದರು. ಕೂತವರೇ, "ಈ ಐವತ್ತು ಸೆಂಟಿನ ಟಿಕೆಟ್ಟನ್ನು ಕಾಯ್ದೆ ಮಾಡಿ ಕಟ್ಟಿಹಾಕಬೇಕು. ಮಂತ್ರಿ ಬದಲಾದರೂ ದರ ಏರಬಾರದು" ಎಂದರು.

ಬ್ರಿಸ್ಬೇನ್ ಸೇರಿದಂತೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಏರ್‌ಪೋರ್ಟ್ ರೈಲೊಂದನ್ನು ಬಿಟ್ಟರೆ ಸರ್ಕಾರಿ ಬಸ್ಸು, ರೈಲು, ಟ್ರಾಮು, ದೋಣಿ ಯಾವುದು ಹತ್ತಿದರೂ 50 ಸೆಂಟ್, ಅಂದರೆ ನಮ್ಮ ಮೂವತ್ತು ರೂಪಾಯಿ ಆಸುಪಾಸು. 2024ರ ಆಗಸ್ಟ್ 5ರಂದು ಆರು ತಿಂಗಳ ಪ್ರಯೋಗವೆಂದು ಶುರುವಾಯಿತು. ಅಕ್ಟೋಬರಿನ ಚುನಾವಣೆಯಲ್ಲಿ ಸರ್ಕಾರವೇ ಬದಲಾಯಿತು, ದರ ಉಳಿಯಿತು. ಖಾಯಂ ಮಾಡುತ್ತೇವೆಂದು ಎರಡೂ ಕಡೆಯವರು ಮಾತು ಕೊಟ್ಟಿದ್ದರು. ಅಜ್ಜಿಗೆ ಬರೀ ಮಾತು ಸಾಲದು. ಅವರ ಅಂಜಿಕೆ ಸುಳ್ಳೂ ಅಲ್ಲ. ಜರ್ಮನಿಯಲ್ಲಿ 2023ರ ಮೇಯಲ್ಲಿ 49 ಯೂರೋಗೆ ಬಂದ ತಿಂಗಳ ಪಾಸು 2025ರ ಜನವರಿಗೆ 58 ಆಯಿತು.

ಮಲೆನಾಡಿನ ಕೊಪ್ಪದ ಹತ್ತಿರದ ನಮ್ಮೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ನಮಗಿಲ್ಲಿ ಪೂರ್ತಿ ಫ್ರೀ ಅಲ್ವೇನೇ? ಆದ್ರೆ ಬಸ್ ಎಲ್ಲಿದೆ ಮಾರಾಯ್ತಿ?" ಅಂದಳು.

ಆ ಮಾತು ಚುಚ್ಚಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಇಲ್ಲಿನ ಗೆಳತಿಯರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಈಗಲೂ ಆ ಹೆಮ್ಮೆ ಇದೆ. ಲಕ್ಷಾಂತರ ಹೆಂಗಸರು ಯಾರ ಮುಂದೂ ಕೈಚಾಚದೆ ಮನೆಯಿಂದ ಹೊರಟರು, ಇದು ಸಣ್ಣ ಸಂಗತಿಯಲ್ಲ. ಆದರೆ ಆ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಘಟ್ಟದ ಒಳಊರುಗಳನ್ನು ಮೊದಲಿಂದ ಸಾಕಿದ್ದು ಖಾಸಗಿ ಬಸ್ಸುಗಳು, ಮತ್ತೆ ಸಹಕಾರ ಸಾರಿಗೆ.

ಸಹಕಾರ ಸಾರಿಗೆಯನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ. ಡ್ರೈವರ್, ಕಂಡಕ್ಟರುಗಳೇ ಒಡೆಯರು. ಓದುತ್ತಿದ್ದ ನಮಗೆಲ್ಲ ರಿಯಾಯಿತಿ ಪಾಸಿತ್ತು. ಮಳೆಗಾಲದಲ್ಲಿ ಕಿಟಕಿಗೆ ಟಾರ್ಪಲ್ ಇಳಿಬಿಟ್ಟು, ಒಳಗೆ ಒದ್ದೆ ಕೊಡೆಗಳ ನೀರು ಹರಿಯುತ್ತಿರುವಾಗ, ಕಂಡಕ್ಟರಣ್ಣ ನಮ್ಮ ಚೀಲಗಳನ್ನು ಇಂಜಿನ್ ಮೇಲೆ ಪೇರಿಸುತ್ತಿದ್ದರು. ಯಾವ ಹುಡುಗಿ ಯಾವ ತಿರುವಲ್ಲಿ ಇಳಿಯಬೇಕು ಅಂತ ಅವರಿಗೆ ಬಾಯಿಪಾಠ. ಮಧ್ಯಾಹ್ನ ಯಾರಾದರೂ ಬರದಿದ್ದರೆ "ಸ್ವಲ್ಪ ತಡೀರಿ, ಆ ಮಗು ಬರ್ಬೇಕು" ಅಂತ ಬಸ್ ನಿಲ್ಲಿಸುತ್ತಿದ್ದರು. ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ಓಡಾಟ ನಿಂತಿತು. ಉಳಿಸಿಕೊಳ್ಳಬೇಕಿತ್ತು ಅಂತಲೇ ನಾನು ಇವತ್ತಿಗೂ ಹೇಳುವುದು.

ಅಜ್ಜಿ ಹೇಳಿದ ಕಾಯ್ದೆ ನಮಗೂ ಬೇಕು. ಶಕ್ತಿ ಉಳಿಯಲಿ. 2025ರ ಜನವರಿಯಲ್ಲಿ ಶೇಕಡ 15 ಏರಿದ ಟಿಕೆಟ್ಟಿಗೆ ದುಡ್ಡು ಕೊಡುವ ಅಪ್ಪನಂಥವರಿಗೂ ಒಂದು ಮಿತಿ ಸಿಗಲಿ. ಅದೇ ಕಾಯ್ದೆಯಲ್ಲಿ ಇಂಥ ಹಳ್ಳಿಗೆ ದಿನಕ್ಕೆ ಇಷ್ಟು ಟ್ರಿಪ್ಪು ಬಸ್ ಹೋಗಲೇಬೇಕು ಅಂತಲೂ ಇರಲಿ, ಸೀಟು ತುಂಬಲಿ ಬಿಡಲಿ. ಅಮ್ಮ ಬಿಪಿ ಮಾತ್ರೆ ತರಲು ಈಗಲೂ ಪಕ್ಕದ ಮನೆ ಅತ್ತಿಗೆಯ ಜೊತೆ ಅರ್ಧರ್ಧ ದುಡ್ಡು ಹಾಕಿ ಆಟೋದಲ್ಲಿ ಕೊಪ್ಪಕ್ಕೆ ಹೋಗುತ್ತಾಳೆ.