ಹೆಡ್ ಮಾಡಿದ ಮೇಲೆ ತಲೆನೋವು ಬಾರದಂತೆ: 12 ವಾರದ ಯೋಜನೆ, 8ನೇ ವಾರದವರೆಗಿನ ದಾಖಲೆ

ಗುಂಪು: ಫುಟ್‌ಬಾಲ್ ಆಡುವ 13–14 ವಯಸ್ಸಿನ 18 ಮಕ್ಕಳು, ಹುಡುಗಿಯರೂ ಸೇರಿ. ಬೆಂಗಳೂರಿನ ಮಣ್ಣಿನ ಮೈದಾನ, ವಾರಕ್ಕೆ ಮೂರು ದಿನ ಅಭ್ಯಾಸ. ಉದ್ದೇಶ ಎರಡು. ಹೆಡರ್‌ನಿಂದ, ಅಂದರೆ ಚೆಂಡನ್ನು ಹಣೆಯಿಂದ ಹೊಡೆಯುವುದರಿಂದ, ತಲೆಗೆ ಬೀಳುವ ಏಟು ಕಡಿಮೆಯಾಗಬೇಕು. ತಲೆನೋವು ಬಂದರೆ ಯಾವ ಮಗುವೂ ಅದನ್ನು ಮುಚ್ಚಿಡಬಾರದು.

ವಾರ 1: ಚೆಂಡು

ತಂತ್ರ ಕಲಿಸುವುದಕ್ಕೆ ಮೊದಲು ಚೆಂಡಿನ ಚೀಲ ಬಿಚ್ಚಬೇಕು. ನಿಯಮದ ಪ್ರಕಾರ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗಬೇಕು, ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ ಒಳಗಿರಬೇಕು. ಎರಡು ತುದಿಯೂ ನಿಯಮಬದ್ಧವೇ, ಆದರೆ ಹಣೆಗೆ ಅವೆರಡೂ ಒಂದೇ ಅಲ್ಲ. ಗಟ್ಟಿಯಾಗಿ ಗಾಳಿ ತುಂಬಿದ ಚೆಂಡು ತಾಗಿದಾಗ ಚಪ್ಪಟೆಯಾಗುವುದು ಕಡಿಮೆ. ಹಣೆಗೆ ತಾಗಿರುವ ಹೊತ್ತೂ ಕಡಿಮೆಯಾಗುವುದರಿಂದ ಏಟಿನ ಬಲ ಹೆಚ್ಚುತ್ತದೆ. ಈ ಗುಂಪಿಗೆ 4ನೇ ಸೈಜು, ಅಂದರೆ 350ರಿಂದ 390 ಗ್ರಾಂ. ಗಾಳಿ 8.5 ಪಿಎಸ್‌ಐ, ವಾಲ್ವ್ ಪಕ್ಕ ಅಚ್ಚಾಗಿರುವ ಕನಿಷ್ಠ ಒತ್ತಡ ಬೇರೆಯಾಗಿದ್ದರೆ ಅದೇ ನಮ್ಮ ಅಂಕಿ.

ಹೆಬ್ಬೆರಳಲ್ಲಿ ಒತ್ತಿ ನೋಡುವ ಅಂದಾಜು ಸಾಲದು, ಗೇಜು ಬೇಕೇ ಬೇಕು. ಸೂಜಿಗೆ ಒಂದು ಹನಿ ಗ್ಲಿಸರಿನ್ ಹಚ್ಚಿ ನೇರವಾಗಿ ತೂರಿಸಿ. ಒಣ ಸೂಜಿ ವಾಲ್ವನ್ನು ಸೀಳುತ್ತದೆ. ಪ್ರತಿ ಸಲ ಗೇಜು ಹಾಕಿದಾಗ ಸ್ವಲ್ಪ ಗಾಳಿ ಹೋಗುತ್ತದೆ, ಹಾಗಾಗಿ ಒಂದೇ ಚೆಂಡನ್ನು ಮತ್ತೆ ಮತ್ತೆ ಅಳೆಯಬೇಡಿ. ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಗ್ಗೆ 22 ಡಿಗ್ರಿಯಲ್ಲಿ 8.5 ಇದ್ದ ಚೆಂಡು ಮಧ್ಯಾಹ್ನ ಬಿಸಿಯೇರಿ 40 ಡಿಗ್ರಿಗೆ ಬಂದರೆ ಸುಮಾರು 9.8 ಆಗಿರುತ್ತದೆ. ಅದಕ್ಕೇ ಚೆಂಡುಗಳು ನೆರಳಿನಲ್ಲಿರಬೇಕು, ಅಳತೆ ಆಟ ಶುರುವಾಗುವ ಹೊತ್ತಿಗೆ ಆಗಬೇಕು.

ವಾರ 2: ಲೆಕ್ಕದ ಪುಸ್ತಕ

ಒಂದು ಹೆಡರ್ ಏನೂ ಮಾಡದಿರಬಹುದು, ಕಾಡುವುದು ಎಣಿಕೆ. ಸ್ಟರ್ಲಿಂಗ್ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ ಆಟಗಾರರು ಕಾರ್ನರ್‌ನಷ್ಟೇ, ಅಂದರೆ ಮೈದಾನದ ಮೂಲೆಯಿಂದ ಒದ್ದ ಚೆಂಡಿನಷ್ಟೇ, ಬಲದ ಚೆಂಡನ್ನು 20 ಸಲ ಹೆಡ್ ಮಾಡಿದರು. ಆಮೇಲೆ ನೆನಪಿನ ಪರೀಕ್ಷೆಯಲ್ಲಿ ಅವರ ಸಾಮರ್ಥ್ಯ ಶೇ. 41ರಿಂದ 67ರಷ್ಟು ಕುಸಿಯಿತು, 24 ಗಂಟೆಯೊಳಗೆ ಸರಿಹೋಯಿತು. ದೀರ್ಘ ಕಾಲದ ಚಿತ್ರ ಇನ್ನೂ ಗಂಭೀರ. ಗ್ಲಾಸ್ಗೋದ ತಂಡ 2019ರಲ್ಲಿ ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆ ನೋಡಿದಾಗ, ಮೆದುಳು ಕ್ಷಯಿಸುವ ಕಾಯಿಲೆಗಳಿಂದ ಸಾಯುವ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಇತ್ತು. ಅದು ವೃತ್ತಿಪರರ ಕಥೆ, ಮಕ್ಕಳಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಎಣಿಸದೆ ಬಿಡಲು ಅದು ನೆಪವಾಗಬಾರದು.

ಮಿತಿಗೆ ಇಂಗ್ಲೆಂಡಿನ 2020ರ ಮಾರ್ಗಸೂಚಿ ಹಿಡಿದಿದ್ದೇವೆ. 11ರೊಳಗಿನವರಿಗೆ ಅಭ್ಯಾಸದಲ್ಲಿ ಹೆಡಿಂಗ್ ಇಲ್ಲವೇ ಇಲ್ಲ. 13ರೊಳಗಿನ ವಿಭಾಗಕ್ಕೆ ವಾರಕ್ಕೊಂದು ದಿನ, ಹೆಚ್ಚೆಂದರೆ 5 ಹೆಡರ್. 14ರಿಂದ 16ರೊಳಗಿನ ವಿಭಾಗಗಳಿಗೆ ವಾರಕ್ಕೊಂದು ದಿನ, ಹೆಚ್ಚೆಂದರೆ 10. ಸ್ಕಾಟ್ಲೆಂಡ್ 2022ರಲ್ಲಿ ವೃತ್ತಿಪರರಿಗೇ ಪಂದ್ಯದ ಹಿಂದಿನ ದಿನ ಮತ್ತು ಮರುದಿನ ಹೆಡಿಂಗ್ ಅಭ್ಯಾಸ ಬೇಡ ಎಂದಿತು. ಅದನ್ನೂ ಸೇರಿಸಿಕೊಂಡಿದ್ದೇವೆ. ಶಾಲೆಯ ಪರೀಕ್ಷೆಯ ಹಿಂದಿನ ದಿನವೂ ಬೇಡ.

ಎಲ್ಲಿ ತಪ್ಪುತ್ತದೆ: ಹೆಡಿಂಗ್ ಡ್ರಿಲ್‌ನಲ್ಲಲ್ಲ, ಕಾರ್ನರ್ ಅಭ್ಯಾಸದಲ್ಲಿ. ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಂತು ತಡೆಯುವವರು) ಆಡುವ ಇಬ್ಬರು ಹತ್ತು ನಿಮಿಷದಲ್ಲಿ ವಾರದ ಪಾಲು ಮುಗಿಸಿಬಿಡುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಕಾರ್ನರ್ ನಡೆಯುವಾಗ ಒಬ್ಬರು ಪುಸ್ತಕ ಹಿಡಿದು ಗೆರೆ ಎಳೆಯಲೇಬೇಕು. ಯಾರು ಎಲ್ಲಿ ನಿಲ್ಲಬೇಕೆಂದು ಕಲಿಸಲು ಚೆಂಡನ್ನು ಕೈಯಿಂದ ಎಸೆದು ಕೈಯಲ್ಲೇ ಹಿಡಿಸಿದರೆ ಸಾಕು. ಓಟ, ಜಾಗ, ಸಮಯ ಮೂರೂ ಬರುತ್ತವೆ.

ವಾರ 3–6: ಕತ್ತು

ಕತ್ತು ಬಿಗಿಯಾಗಿದ್ದರೆ ತಲೆಯ ಹಿಂದೆ ಇಡೀ ಮುಂಡದ ತೂಕ ನಿಲ್ಲುತ್ತದೆ. ಸಡಿಲವಿದ್ದರೆ ಅದೇ ಚೆಂಡಿಗೆ ತಲೆಯೊಂದೇ ಅದುರುತ್ತದೆ. ವಾರ್ಮ್‌ಅಪ್ ಕೊನೆಗೆ ಐದು ನಿಮಿಷ, ವಾರಕ್ಕೆ ಮೂರು ದಿನ.

3 ಮತ್ತು 4ನೇ ವಾರ: ಅಂಗೈ ಹಣೆಗೆ, ಆಮೇಲೆ ತಲೆಯ ಹಿಂಭಾಗಕ್ಕೆ, ಎಡಕ್ಕೆ, ಬಲಕ್ಕೆ. ತಲೆ ಅಲುಗದಂತೆ ಕೈಗೆದುರಾಗಿ ಒತ್ತುವುದು, ಪ್ರತಿ ದಿಕ್ಕಿಗೆ 5 ಸೆಕೆಂಡು, 3 ಸಲ. ಮೊದಲ ವಾರ ಅರ್ಧ ಬಲ ಮಾತ್ರ. 5 ಮತ್ತು 6ನೇ ವಾರ: ಅದೇ 10 ಸೆಕೆಂಡು. ಜೊತೆಗೆ ಅಂಗಾತ ಮಲಗಿ ಗದ್ದ ಒಳಗೆಳೆದು ತಲೆಯನ್ನು ನೆಲದಿಂದ ಒಂದೆರಡು ಬೆರಳಷ್ಟು ಎತ್ತಿ ಹಿಡಿಯುವುದು, 10 ಸೆಕೆಂಡು, 3 ಸಲ.

ಕಂಡ ತಪ್ಪುಗಳು: ಉಸಿರು ಬಿಗಿಹಿಡಿಯುವುದು (ಜೋರಾಗಿ ಎಣಿಸಲು ಹೇಳಿ, ಸರಿಹೋಗುತ್ತದೆ), ಭುಜ ಕಿವಿಗೆ ಏರಿಸುವುದು, ಒಮ್ಮೆಲೇ ಜಾಡಿಸಿ ಒತ್ತುವುದು. ನೆತ್ತಿ ನೆಲಕ್ಕೂರಿ ಮಾಡುವ ಕುಸ್ತಿಯ ಬ್ರಿಡ್ಜ್ ಈ ವಯಸ್ಸಿಗೆ ಬೇಡ.

ವಾರ 5–7: ತಂತ್ರ

ಕ್ರಮ ಹೀಗಿದೆ. ಮೊದಲು ಬಲೂನು, ಅದು ಎಣಿಕೆಗೆ ಸೇರದು. ಆಮೇಲೆ ಹಗುರ ಸ್ಪಾಂಜ್ ಚೆಂಡನ್ನು 3 ಮೀಟರ್ ದೂರದಿಂದ ಕೆಳಗೈಯಲ್ಲಿ ಎಸೆತ. ಕೊನೆಗೆ ನಿಜವಾದ ಚೆಂಡು, ಅದೂ 5 ಮೀಟರ್‌ನಿಂದ ಕೈಯೆಸೆತ ಮಾತ್ರ. ಗೋಲ್‌ಕೀಪರ್ ಒದ್ದ ಉದ್ದ ಚೆಂಡನ್ನು ಅಭ್ಯಾಸದಲ್ಲಿ ಯಾರೂ ಹೆಡ್ ಮಾಡುವುದಿಲ್ಲ.

ತಾಗಬೇಕಾದ ಜಾಗ ಹಣೆಯ ಮೇಲ್ಭಾಗ, ಕೂದಲು ಶುರುವಾಗುವ ಗೆರೆಯ ಸ್ವಲ್ಪ ಕೆಳಗೆ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ನಾಲಿಗೆ ಹಲ್ಲಿನ ನಡುವೆ ಇದ್ದರೆ ಕಚ್ಚಿಕೊಳ್ಳುತ್ತಾರೆ. ಒಂದು ಕಾಲು ಮುಂದೆ, ಗದ್ದ ಒಳಗೆ, ಸೊಂಟದಿಂದ ಮುಂದಕ್ಕೆ ಬಾಗಿ ಚೆಂಡನ್ನು ಹೊಡೆಯಬೇಕು. ಚೆಂಡು ಬಂದು ತಲೆಗೆ ಬಡಿಯಲಿ ಎಂದು ಕಾಯಬಾರದು. ಮಕ್ಕಳಿಗೆ ಹೇಳುವ ಮಾತು ಇಷ್ಟೇ: "ಚೆಂಡು ನಿನ್ನನ್ನ ಹೊಡೀಬಾರ್ದು, ನೀನು ಚೆಂಡನ್ನ ಹೊಡಿ." ಕಣ್ಣು ಮುಚ್ಚುವ ಮಗು ಮತ್ತೆ ಬಲೂನಿಗೆ ಹೋಗಬೇಕು. ಅದು ಶಿಕ್ಷೆಯಲ್ಲವೆಂದು ಎಲ್ಲರೆದುರೇ ಹೇಳಿ. ಕಣ್ಣು ಮುಚ್ಚಿದರೆ ಚೆಂಡು ನೆತ್ತಿಗೋ ಮೂಗಿಗೋ ಬೀಳುತ್ತದೆ, ತಲೆನೋವು ಶುರುವಾಗುವುದು ಇಂಥ ಏಟಿನಿಂದ.

ಹೆಡ್ ಮಾಡುವಾಗ ಆಗುವ ಕನ್‌ಕಶನ್‌ಗಳಲ್ಲಿ (ತಲೆಗೆ ಏಟು ಬಿದ್ದು ಮೆದುಳಿಗಾಗುವ ಪೆಟ್ಟು) ಹೆಚ್ಚಿನವು ಚೆಂಡಿನಿಂದಲ್ಲ, ಇನ್ನೊಬ್ಬರ ತಲೆ, ಮೊಣಕೈ, ಭುಜ ತಾಗಿ ಆಗುತ್ತವೆ. ಹಾಗಾಗಿ "ನಂದು!" ಎಂದು ಕೂಗದೆ ಯಾರೂ ಜಿಗಿಯುವಂತಿಲ್ಲ. ಇಬ್ಬರು ಕೂಗಿದರೆ ಚೆಂಡು ಎದುರಿಗೆ ಕಾಣುತ್ತಿರುವವರದ್ದು, ಹಿಂದಕ್ಕೆ ಓಡುತ್ತಿರುವವರು ಬಿಡಬೇಕು. ಮೊಣಕೈ ಭುಜಕ್ಕಿಂತ ಕೆಳಗಿರಲಿ.

ಏಟು ತಡೆಯಲೆಂದು ತಲೆಗೆ ಕಟ್ಟುವ ಮೆತ್ತನೆಯ ತಲೆಪಟ್ಟಿ ಕೊಡಿಸಬೇಕೆ ಎಂದು ಪೋಷಕರು ಕೇಳಿದ್ದರು. ಬೇಡ ಎಂದಿದ್ದೇವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೈಸ್ಕೂಲ್ ಆಟಗಾರರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಅದನ್ನು ಹಾಕಿದವರಿಗೂ ಹಾಕದವರಿಗೂ ಕನ್‌ಕಶನ್ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಕಿಕೊಂಡರೆ ಧೈರ್ಯ ಮಾತ್ರ ಹೆಚ್ಚಬಹುದು, ಅದೇ ಅಪಾಯ. ಆ ಹಣದಲ್ಲಿ ಗೇಜು, ತಕ್ಕಡಿ ಎರಡೂ ಬಂದವು.

ವಾರ 8: ಮಳೆ, ಮತ್ತು ತಲೆನೋವಿನ ಕ್ರಮ

ಹೊಲಿಗೆ ಹಾಕಿದ ಹಳೆಯ ಚೆಂಡುಗಳು ಹೊಲಿಗೆಯ ಸಂದಿಯಿಂದ ನೀರು ಕುಡಿಯುತ್ತವೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೈದಾನಕ್ಕೆ ಬಂತು. ಮೈಯೊರೆಸಿ ತೂಗಬೇಕು, 390 ಗ್ರಾಂ ದಾಟಿದರೆ ಆ ದಿನ ಪಕ್ಕಕ್ಕೆ. ಅಂಟಿಸಿದ ಚೆಂಡು ಇದಕ್ಕಿಂತ ಎಷ್ಟೋ ಮೇಲು.

ಹೆಡರ್ ಅಥವಾ ಡಿಕ್ಕಿಯ ನಂತರ ತಲೆನೋವು, ತಲೆಸುತ್ತು, ಮಂಕು, ವಾಕರಿಕೆ, ಬೆಳಕು ಚುಚ್ಚುವುದು: ಇವುಗಳಲ್ಲಿ ಒಂದಿದ್ದರೂ ಆಟದಿಂದ ಹೊರಗೆ, ಆ ದಿನ ಮತ್ತೆ ಒಳಗಿಲ್ಲ. "ಬಿಸಿಲಿಗೆ ಬಂದಿರ್ಬೇಕು ಸರ್" ಎಂಬುದು ಮಕ್ಕಳ ಮೊದಲ ಉತ್ತರ. ಮೈದಾನದಲ್ಲಿ ನಿಂತು ಬಿಸಿಲಿನ ನೋವನ್ನೂ ಏಟಿನ ನೋವನ್ನೂ ಬೇರೆ ಮಾಡಲಾಗದು, ಅದಕ್ಕೆ ಏಟೆಂದೇ ತಿಳಿಯಬೇಕು. ಮಾತ್ರೆ ಕೊಟ್ಟು ಆಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಮಗುವನ್ನು ಒಂಟಿಯಾಗಿ ಮನೆಗೆ ಕಳಿಸಬಾರದು, ವೈದ್ಯರು ನೋಡಬೇಕು. ಪ್ರಜ್ಞೆ ತಪ್ಪುವುದು, ಮತ್ತೆ ಮತ್ತೆ ವಾಂತಿ, ಏರುತ್ತಲೇ ಇರುವ ನೋವು, ಫಿಟ್ಸ್, ಕತ್ತು ನೋವು, ಕೈಕಾಲಿನಲ್ಲಿ ಶಕ್ತಿಯಿಲ್ಲದಿರುವುದು, ಎರಡೆರಡು ಕಾಣುವುದು: ತಕ್ಷಣ ಆಸ್ಪತ್ರೆ. ಕತ್ತು ನೋವಿದ್ದರೆ ಅಥವಾ ಎಚ್ಚರವಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಅಲುಗಿಸಬೇಡಿ.

ಮರಳುವ ದಾರಿ: 24ರಿಂದ 48 ಗಂಟೆ ವಿಶ್ರಾಂತಿ, ನಿಧಾನ ನಡಿಗೆ ಸಾಕು. ನಂತರ ಹಗುರ ಓಟ, ಚೆಂಡಿನೊಡನೆ ಒಬ್ಬರೇ ಅಭ್ಯಾಸ, ಗುಂಪಿನ ಡ್ರಿಲ್. ಮೈ ತಾಗುವ ಅಭ್ಯಾಸಕ್ಕೆ ವೈದ್ಯರ ಒಪ್ಪಿಗೆ ಬೇಕು, ಪಂದ್ಯ ಅದಾದ ಮೇಲೆ. ಪ್ರತಿ ಹಂತಕ್ಕೆ ಕನಿಷ್ಠ ಒಂದು ದಿನ. ಹೆಡಿಂಗ್ ಎಲ್ಲಕ್ಕಿಂತ ಕೊನೆಗೆ, ಮತ್ತೆ ಬಲೂನಿನಿಂದ.

9ನೇ ವಾರಕ್ಕೆ: ಕತ್ತಿನ ವ್ಯಾಯಾಮಕ್ಕೆ ರಬ್ಬರ್ ಬ್ಯಾಂಡ್, ಎಣಿಕೆಯ ಪುಸ್ತಕಕ್ಕೆ ಪಂದ್ಯದ ಹೆಡರ್‌ಗಳಿಗೂ ಒಂದು ಕಾಲಂ.